ಗೃಹಿಣಿಯ ಆರೋಗ್ಯ: ನಾವು ತಡವಾಗಿ ಕಲಿತ ಪಾಠ

ಬಾಲ್ಯದಲ್ಲಿ ಸಿದ್ಧಗಂಗಾ ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತು ರಾಗಿಮುದ್ದೆ, ಸಾರು ಉಂಡು ಬೆಳೆದವರು ನಾವು. ಹಸಿದವರೆಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂಬ ಆ ಪಾಠವನ್ನು ಗುಬ್ಬಿ, ಕುಣಿಗಲ್ ಸೀಮೆಯ ಸಭೆಗಳಲ್ಲಿ ಮೂವತ್ತು ವರ್ಷ ವಿವರಿಸಿದ್ದೇವೆ. ಆದರೆ ತುಮಕೂರಿನ ನಮ್ಮ ಮನೆಯಲ್ಲಿಯೇ ಒಂದು ಜೀವ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುತ್ತಿದ್ದುದು ನಮ್ಮ ಅರಿವಿಗೆ ಬಂದಿರಲಿಲ್ಲ.

ಹಲವು ವರ್ಷಗಳ ಹಿಂದೆ, ನಲವತ್ತೇಳರ ವಯಸ್ಸಿನಲ್ಲಿ, ನಮ್ಮ ಮನೆಯವರಿಗೆ ಮುಟ್ಟು ಏರುಪೇರಾಯಿತು. ಇದ್ದಕ್ಕಿದ್ದಂತೆ ಮೈ ಕಾವೇರುವುದು, ನಿದ್ರೆಗೇಡು, ಹೊಟ್ಟೆಯುಬ್ಬರ, ಮಲಬದ್ಧತೆ ಕಾಡತೊಡಗಿದವು. “ವಯಸ್ಸಿಗೆ ಬರುವುದೇ ಇದೆಲ್ಲ, ನೀವು ಸಭೆಗೆ ಹೊರಡಿ” ಎಂದರು. ನಾವು ಹೊರಟೆವು, ತಪ್ಪು ನಮ್ಮದೇ. ಕಡೆಗೆ ಕುಣಿಗಲ್ಲಿನಿಂದ ಬಂದ ನಾದಿನಿ ನಮ್ಮಿಬ್ಬರನ್ನೂ ಗದರಿಸಿ ವೈದ್ಯೆಯ ಬಳಿಗೆ ಕರೆದೊಯ್ದಳು.

“ದಿನಾ ಎಷ್ಟು ಹೊತ್ತಿಗೆ ಊಟ ಮಾಡುತ್ತೀರಮ್ಮ? ಏನು ಉಣ್ಣುತ್ತೀರಿ?” ಎಂಬುದೇ ವೈದ್ಯೆಯ ಮೊದಲ ಪ್ರಶ್ನೆ. ಮನೆಯವರು ನಮ್ಮತ್ತ ನೋಡಿದರು. ನಾವು ತಲೆತಗ್ಗಿಸಿದೆವು.

ಅಂದು ಆ ತಾಯಿ ಸರಳವಾಗಿ ತಿಳಿಸಿದುದಿಷ್ಟು. ಮುಟ್ಟು ನಿಲ್ಲುವ ಕಾಲದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನು ತಗ್ಗುತ್ತದೆ. ಬಳಕೆಯಾದ ಈಸ್ಟ್ರೋಜನನ್ನು ಯಕೃತ್ತು ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ಅಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಅದರ ಒಂದಂಶ ಮರಳಿ ರಕ್ತವನ್ನು ಸೇರುವಂತೆ ಮಾಡುತ್ತವೆ. ಈ ಜೀವಿಗಳ ಬಳಗಕ್ಕೆ ವಿಜ್ಞಾನಿಗಳು 2011ರಲ್ಲಿ ‘ಎಸ್ಟ್ರೋಬೋಲೋಮ್’ ಎಂದು ಹೆಸರಿಟ್ಟರು. ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರ ನಾರಿನಂಶ; ಅದು ನಮ್ಮ ಸೀಮೆಯ ರಾಗಿ, ಹುರುಳಿ, ಅವರೆ, ಸೊಪ್ಪುಗಳಲ್ಲಿ ಹೇರಳವಾಗಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕು ಸುಣ್ಣದಂಶವಿದ್ದು, ಈ ವಯಸ್ಸಿನಲ್ಲಿ ಸವೆಯುವ ಮೂಳೆಗೆ ಅದು ಅಗತ್ಯ.

ಆದರೆ ಮುದ್ದೆಯುಂಡ ಮಾತ್ರಕ್ಕೆ ತಗ್ಗಿದ ಹಾರ್ಮೋನು ತುಂಬಿಬರುವುದೆಂದು ಯಾರೂ ಭ್ರಮಿಸಬಾರದು. ಮೈಕಾವು, ನಿದ್ರೆಗೇಡುಗಳು ಬಾಧಿಸಿದರೆ ಅವಕ್ಕೆ ಚಿಕಿತ್ಸೆಯುಂಟು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಮಲದಲ್ಲಿ ರಕ್ತ ಹೋದರೆ, ಸಂಕೋಚಪಡದೆ ಕೂಡಲೇ ವೈದ್ಯರನ್ನು ಕಾಣಬೇಕು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ತಟ್ಟೆಗಳೂ ಒಟ್ಟಿಗೆ ಬೀಳುತ್ತವೆ. ಬಡಿಸುವ ಕೆಲಸ ಸರದಿಯ ಮೇಲೆ. ನಮ್ಮ ಸರದಿಯೂ ಇದೆ. ಮನೆಯವರ ಮಲಬದ್ಧತೆ, ಹೊಟ್ಟೆಯುಬ್ಬರಗಳು ಕೆಲವು ತಿಂಗಳಲ್ಲಿ ತಗ್ಗಿದವು. ಮೈಕಾವು ಮಾತ್ರ ಬಹುಕಾಲ ಕಾಡಿತು. “ಈಗ ಬಿಸಿ ಮುದ್ದೆ ನನಗೂ ಸಿಗುತ್ತದೆ” ಎಂದು ಒಮ್ಮೆ ನಕ್ಕು ನುಡಿದರು. ಆ ನಗೆಯಲ್ಲಿ ಇಪ್ಪತ್ತೈದು ವರ್ಷಗಳ ತಣ್ಣನೆಯ ಊಟದ ಲೆಕ್ಕವಿತ್ತು.

ಶರಣ ಬಂಧುಗಳೇ, ಇಂದು ರಾತ್ರಿ ನಿಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ? ಒಮ್ಮೆ ನೋಡಿರಿ.