ದೋಣಿಯಿಂದ ಕಂಡ ತೋಟ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಮನುಷ್ಯ ಇಟಲಿಗೆ ಹೋಗಿ ಬಂದನೆಂದರೆ ಕೇಳಿದವರು ಹುಬ್ಬೇರಿಸುವುದು ಸಹಜವೇ. ಅದಕ್ಕೆ ಕಾರಣ ನನ್ನ ವಿದ್ವತ್ತಲ್ಲ, ನನ್ನ ಭಾವಮೈದುನ. ನೇಪಲ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ಆತ, "ಅಕ್ಕನನ್ನು ಒಮ್ಮೆ ಕರೆದುಕೊಂಡು ಬನ್ನಿ, ಭಾವ" ಎಂದು ಮೂರು ವರ್ಷದಿಂದ ಬಲವಂತ ಮಾಡುತ್ತಿದ್ದ. ಈ ಬೇಸಿಗೆಯ ರಜೆಯಲ್ಲಿ ಇನ್ನು ತಪ್ಪಿಸಿಕೊಳ್ಳಲು ನನಗೆ ನೆವ ಉಳಿಯಲಿಲ್ಲ.

ನೆವ ಉಳಿಯಲಿಲ್ಲವೆಂದೆ, ಆದರೆ ಹೊರಡುವಾಗ ಮನಸ್ಸು ಹಗುರವಾಗಿರಲಿಲ್ಲ. ಸಿದ್ದಾಪುರದ ಬಳಿ, ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ನಮ್ಮದೊಂದು ಅಡಿಕೆ ತೋಟವಿದೆ. ಅಪ್ಪಯ್ಯನಿಗೆ ಎಪ್ಪತ್ತನಾಲ್ಕು ವರ್ಷ. ಮರವೇರುವ ಕೊನೆಗಾರರು ಸಿಕ್ಕುತ್ತಿಲ್ಲ; ಮಗನಾದ ನಾನು ಬೆಂಗಳೂರಿನಲ್ಲಿ ವ್ಯಾಕರಣ ಹೇಳುತ್ತಿದ್ದೇನೆ. ಏಪ್ರಿಲ್ ತಿಂಗಳಲ್ಲಿ ನಗರದ ಗೃಹಸ್ಥರೊಬ್ಬರು ಬಂದು, ತೋಟದ ನಡುವೆ ಪ್ರವಾಸಿಗರಿಗೆ ತಂಗುಮನೆ ಕಟ್ಟುವುದಾಗಿ ಹೇಳಿ ಒಳ್ಳೆಯ ಬೆಲೆಯನ್ನೇ ಆಡಿದರು. ಜೂನ್ ಮೊದಲ ವಾರದಲ್ಲಿ ಉತ್ತರ ಕೊಡಬೇಕೆಂದು ಮಾತಾಯಿತು. ಅಪ್ಪಯ್ಯ, "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು, ತಮಾ" ಎಂದಷ್ಟೇ ಹೇಳಿ ಕೊಟ್ಟಿಗೆಯ ಕಡೆಗೆ ಹೋದರು. ಆ ಮಾತಿನಲ್ಲಿ ಸಮ್ಮತಿಯಿತ್ತೋ ದುಃಖವಿತ್ತೋ ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ಉತ್ತರ ಬಂದೀತೆಂಬ ಭಯ.

ನೇಪಲ್ಸಿಗೆ ಬಂದ ನಾಲ್ಕನೆಯ ದಿನ ಭಾವಮೈದುನ ನಮ್ಮಿಬ್ಬರನ್ನೂ ರೈಲಿನಲ್ಲಿ ಸಲೆರ್ನೊ ಬಂದರಿಗೆ ಕರೆದೊಯ್ದ. ಅಲ್ಲಿಂದ ಅಮಾಲ್ಫಿ ಕರಾವಳಿಯುದ್ದಕ್ಕೂ ಚಿಕ್ಕ ದೋಣಿಯಲ್ಲಿ ಒಂದು ದಿನದ ಸಂಚಾರ. ಆ ಬಗೆಯ ದೋಣಿಗೆ ಅಲ್ಲಿನವರು 'ಗೊಜ್ಜೊ' ಎನ್ನುತ್ತಾರೆ. "ಇನ್ನು ಮೇಲೆ ಗೊಜ್ಜು ಎಂದರೆ ಸಮುದ್ರದ ನೆನಪಾಗುವುದು" ಎಂದು ನನ್ನಾಕೆ ನಕ್ಕಳು. ಹಿಂದೆ ಮೀನುಗಾರರು ಮರದಲ್ಲಿ ಕಟ್ಟಿಕೊಳ್ಳುತ್ತಿದ್ದ ಈ ದೋಣಿ ಈಗ ಯಂತ್ರವನ್ನೂ ಬಿಸಿಲ ಚಪ್ಪರವನ್ನೂ ಮೆತ್ತೆಗಳನ್ನೂ ಪಡೆದು ಪ್ರವಾಸಿಗರ ವಾಹನವಾಗಿದೆ. ನಾವು ಮೂವರಲ್ಲದೆ ಹಾಲೆಂಡಿನ ವೃದ್ಧ ದಂಪತಿಗಳು, ಮಿಲಾನಿನ ನವವಿವಾಹಿತರು, ಅರ್ಜೆಂಟೀನಾದಿಂದ ಬಂದ ಇಬ್ಬರು ಸೋದರಿಯರು. ದೋಣಿಯವನೂ ಸೇರಿ ಹತ್ತು ಜನ. ಸೋದರಿಯರ ಅಜ್ಜ ಈ ಕರಾವಳಿಯಿಂದಲೇ ಹೊಟ್ಟೆಪಾಡಿಗಾಗಿ ಹಡಗು ಹತ್ತಿದವನಂತೆ.

ದೋಣಿಯವನಿಗೆ ಅರುವತ್ತರ ಹತ್ತಿರ ವಯಸ್ಸು. ಬಿಸಿಲಿಗೆ ಕಂದಿದ ಮುಖ, ಮಾತು ಕಡಿಮೆ. ಆತನ ಇಟಾಲಿಯನ್ನನ್ನು ಭಾವಮೈದುನ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ.

ದೋಣಿ ಬಂದರು ಬಿಟ್ಟ ಸ್ವಲ್ಪ ಹೊತ್ತಿಗೇ ಬೆಟ್ಟಗಳು ಸಮುದ್ರದಿಂದ ನೆಟ್ಟಗೆ ಎದ್ದು ನಿಂತವು. ನಡುವೆ ಮರಳಿನ ಬಯಲಾಗಲಿ ತೆಂಗಿನ ತೋಪಾಗಲಿ ಇಲ್ಲ. ನೀರು ಮುಗಿದಲ್ಲಿ ಬಂಡೆ, ಬಂಡೆ ಮುಗಿದಲ್ಲಿ ಮನೆ. ಆ ಬಂಡೆಗಳ ಎದೆಯಲ್ಲಿ ಗೆರೆ ಎಳೆದಂತೆ ಒಂದೇ ಒಂದು ರಸ್ತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೂರ್ಬನ್ ಅರಸರು ಅದನ್ನು ಕಡಿಸುವವರೆಗೆ ಇಲ್ಲಿಯ ಊರುಗಳಿಗೆ ಸಮುದ್ರವೇ ಹೆದ್ದಾರಿ; ಇಲ್ಲವೆಂದರೆ ಬೆಟ್ಟದ ಮೆಟ್ಟಿಲು ಮತ್ತು ಹೇಸರಗತ್ತೆ. ಇಂದು ಆ ರಸ್ತೆಗೆ ಬರುವ ವಾಹನಗಳ ಸಂದಣಿಯನ್ನು ತಡೆಯಲಾರದೆ, 2022ರಿಂದ ಜನ ಹೆಚ್ಚುವ ದಿನಗಳಲ್ಲಿ ಕಾರುಗಳಿಗೆ ಸಮ ಸಂಖ್ಯೆ, ಬೆಸ ಸಂಖ್ಯೆಗಳ ಸರದಿ ಮಾಡಿದ್ದಾರೆ. ನಾವು ಮತ್ತೆ ಹಳೆಯ ಹೆದ್ದಾರಿಗೇ ಬಂದಂತಾಯಿತು.

ಬಣ್ಣದ ಮಣ್ಣಿನ ಪಾತ್ರೆಗಳಿಗೆ ಹೆಸರಾದ ವಿಯೆತ್ರಿ, ಉಪ್ಪಿನಲ್ಲಿ ಹಾಕಿದ ಸಣ್ಣ ಮೀನಿನಿಂದ ರಸ ಇಳಿಸುವ ಚೆತಾರ, ಕಡಲ್ಗಳ್ಳರ ಕಾಲದ ಕಾವಲುಗೋಪುರಗಳು ಒಂದೊಂದಾಗಿ ಹಿಂದೆ ಸರಿದವು. ಮಯೋರಿ, ಮಿನೋರಿ ಎಂಬ ಊರುಗಳ ಮುಂದೆ ಬರುವಾಗ ಗುಡ್ಡವೆಲ್ಲ ನೀರಿನಂಚಿನಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಒಂದೊಂದು ಮೆಟ್ಟಿಲಿನಲ್ಲೂ ಹಸುರು. ಹಸುರಿನ ನಡುವೆ ದೀಪ ಹಚ್ಚಿಟ್ಟಂತೆ ನಿಂಬೆಯ ಹಣ್ಣು. "ಎಂಥ ಚೆಲುವು!" ಎಂದು ಎಲ್ಲರೂ ಚಿತ್ರ ತೆಗೆದೆವು. ದೋಣಿಯವನೂ ಯಂತ್ರದ ವೇಗ ತಗ್ಗಿಸಿ ಗುಡ್ಡದ ಒಂದೇ ಕಡೆಯನ್ನು ದಿಟ್ಟಿಸಿದ. ಆಮೇಲೆ ತಲೆಯಾಡಿಸಿ ಮುಂದೆ ನಡೆಸಿದ. ನೋಡಿ ನೋಡಿ ಹಳತಾದರೂ ಈತನಿಗೆ ಸೌಂದರ್ಯದಲ್ಲಿ ಆಸಕ್ತಿ ಉಳಿದಿದೆಯಲ್ಲ ಎಂದು ನಾನು ಮೆಚ್ಚಿಕೊಂಡೆ. ನನ್ನ ಊಹೆ ಎಷ್ಟು ತಪ್ಪೆಂಬುದು ಸಂಜೆಗೆ ತಿಳಿಯಿತು.

ಅಮಾಲ್ಫಿಯಲ್ಲಿ ಎರಡು ಗಂಟೆ ಇಳಿದೆವು. ಇಂದು ಕೆಲವೇ ಸಾವಿರ ಜನರಿರುವ ಈ ಪುಟ್ಟ ಊರು ಒಂದಾನೊಂದು ಕಾಲಕ್ಕೆ ಸಮುದ್ರರಾಜ್ಯ. ನಮ್ಮ 'ಕವಿರಾಜಮಾರ್ಗ' ರಚನೆಯಾದ ಒಂಬತ್ತನೆಯ ಶತಮಾನದಲ್ಲಿಯೇ, 839ರಲ್ಲಿ, ಇದು ನೇಪಲ್ಸಿನ ಹಿಡಿತದಿಂದ ಬಿಡಿಸಿಕೊಂಡಿತು. ಅದರ ಹಡಗುಗಳು ಈಜಿಪ್ಟ್, ಕಾನ್‌ಸ್ಟಾಂಟಿನೋಪಲುಗಳವರೆಗೆ ವ್ಯಾಪಾರ ನಡೆಸಿದವು. ಮಹಾದೇವಾಲಯದ ಕಂಚಿನ ಬಾಗಿಲುಗಳು ಹನ್ನೊಂದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಎರಕವಾಗಿ ಬಂದವು. ದಂಡೆಯ ಬಳಿ ದಿಕ್ಸೂಚಿಯನ್ನು ಕಂಡುಹಿಡಿದನೆಂದು ಹೇಳಲಾಗುವ ಫ್ಲಾವಿಯೋ ಜೋಯಾನ ಪ್ರತಿಮೆಯಿದೆ. ಅಂಥವನೊಬ್ಬ ಇದ್ದನೇ ಎಂಬುದೇ ವಿದ್ವಾಂಸರಲ್ಲಿ ವಿವಾದ. ಕವಿಗಳ ಕಾಲದೇಶಗಳ ಬಗ್ಗೆ ಜಗಳವಾಡುವ ಶಾಸ್ತ್ರಕ್ಕೆ ಸೇರಿದ ನಾನು ಆ ಪ್ರತಿಮೆಗೆ ಸಲಿಗೆಯಿಂದಲೇ ವಂದಿಸಿದೆ. 1343ರ ನವೆಂಬರಿನಲ್ಲಿ ಎದ್ದ ಭಯಂಕರ ಸಮುದ್ರೋತ್ಪಾತ ಆ ಹಳೆಯ ಪಟ್ಟಣದ ಕೆಳಭಾಗವನ್ನೇ ಎಳೆದೊಯ್ಯಿತು. ಉಳಿದದ್ದು ಹಿಂದಿನ ಕಣಿವೆ. ಅಲ್ಲಿಯ ತೊರೆಯ ನೀರಿನಿಂದ ಕಾಗದದ ಗಿರಣಿಗಳು ನಡೆದವು. ಅವುಗಳಲ್ಲೊಂದು ಈಗ ವಸ್ತುಸಂಗ್ರಹಾಲಯ.

ಅಮಾಲ್ಫಿಯಿಂದ ಮುಂದೆ ಕೊಂಕಾ ಎಂಬಲ್ಲಿ, 1932ರಲ್ಲಿ ಬೆಸ್ತನೊಬ್ಬ ಕಂಡ ಪಚ್ಚೆಯ ಗವಿಯ ಬಾಯಿ. ಫುರೋರೆಯಲ್ಲಿ ಬಂಡೆ ಸೀಳಿದ ಕಿರುಗಡಲು, ಅದರ ಮೇಲೆ ಕಮಾನಿನ ಸೇತುವೆ. ಪೊಸಿಟಾನೊದಲ್ಲಿ ಒಂದರ ಹೆಗಲ ಮೇಲೊಂದು ಕುಳಿತ ಗುಲಾಬಿ, ಹಳದಿ ಮನೆಗಳು. ಅದರಾಚೆ, ಹಾಡಿನಿಂದ ನಾವಿಕರನ್ನು ಸೆಳೆದು ಕೊಲ್ಲುತ್ತಿದ್ದ ಮೋಹಿನಿಯರು ವಾಸಿಸುತ್ತಿದ್ದರೆಂದು ಪ್ರಾಚೀನರು ನಂಬಿದ ಗಲ್ಲಿ ದ್ವೀಪಗಳು. ಎಲ್ಲವೂ ಸುಂದರ. ಆದರೆ ನಡುಹಗಲಿನ ಹೊತ್ತಿಗೆ ನನಗೆ ಸೌಂದರ್ಯದ ಅಜೀರ್ಣವಾಗಿತ್ತು. ನನ್ನಾಕೆ ದ್ರಾಕ್ಷಿ ತಿನ್ನುತ್ತ, "ಊರಿನ ಚಿಂತೆಯೋ?" ಎಂದಳು. ಅಲ್ಲವೆಂದೆ. ಆಕೆ ನಂಬಲಿಲ್ಲ.

ಹಿಂದಿರುಗುವಾಗ ಸಂಜೆಯ ಬಿಸಿಲು ಗುಡ್ಡದ ಮೇಲೆ ಅಡ್ಡಲಾಗಿ ಬಿದ್ದಿತ್ತು. ಬೆಳಗ್ಗೆ ಬರೀ ಹಸುರಾಗಿ ಕಂಡ ಮೆಟ್ಟಿಲುಗಳು ಈಗ ಬೇರೆಯಾಗಿ ಕಂಡವು. ನೆರಳಿನಿಂದಾಗಿ ಪ್ರತಿಯೊಂದು ಹಸುರಿನ ಕೆಳಗೂ ಒಂದು ಕಲ್ಲಿನ ಗೋಡೆ ಎದ್ದು ಬಂದಿತು. ಗೋಡೆಯ ಮೇಲೆ ಗೋಡೆ, ಅದರ ಮೇಲೆ ಗೋಡೆ. ಆ ಗುಡ್ಡವೇ ಗೋಡೆಗಳಿಂದ ಕಟ್ಟಿದ್ದು. ದೋಣಿಯವನು ಮತ್ತೆ ವೇಗ ತಗ್ಗಿಸಿ ಅದೇ ಜಾಗವನ್ನು ನೋಡಿದ. ಏನು ನೋಡುತ್ತೀರೆಂದು ಭಾವಮೈದುನನ ಮೂಲಕ ಕೇಳಿಸಿದೆ.

"ನನ್ನ ಗೋಡೆ" ಎಂದ ಆತ. "ಎಂಟನೆಯ ಸಾಲು, ಬಿಳಿಯ ಮನೆಯ ಎಡಕ್ಕೆ. ಹೊಟ್ಟೆ ಬಂದಿದೆ. ತೋಟದಲ್ಲಿ ನಿಂತರೆ ಕಾಣುವುದಿಲ್ಲ, ಸಮುದ್ರದಿಂದ ಕಾಣುತ್ತದೆ. ದಿನವೂ ನೋಡುತ್ತೇನೆ, ಇನ್ನಷ್ಟು ಉಬ್ಬಿತೇ ಎಂದು."

ಅನಂತರ ಆತ ತಾನಾಗಿಯೇ ಮಾತಾಡಿದ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನಿಂಬೆ. ಗೋಡೆಗೆ ಗಾರೆ ಹಾಕುವುದಿಲ್ಲ. ಕಲ್ಲಿನ ಮೇಲೆ ಕಲ್ಲು ಕೂಡಿಸಿದರೆ ಮಳೆಯ ನೀರು ಸಂದುಗಳಿಂದ ಇಳಿದು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಮೇಲಿನ ಕಾಡಿನಿಂದ ಚೆಸ್ಟ್‌ನಟ್ ಮರದ ಗಳುಗಳನ್ನು ತಂದು ಚಪ್ಪರ ಹಾಕಬೇಕು. ಚಳಿಗಾಳಿಗೂ ಆಲಿಕಲ್ಲಿಗೂ ಹಣ್ಣು ಹಾಳಾಗದಂತೆ ಚಪ್ಪರಕ್ಕೆ ಹೊದಿಕೆ ಕಟ್ಟಬೇಕು; ಹಿಂದೆ ಸೊಪ್ಪಿನ ಟೊಂಗೆ, ಈಗ ಕಪ್ಪು ಬಲೆ. ಆ ಗಳುಗಳ ಮೇಲೆಯೇ ನಡೆದಾಡಿ ಕೆಲಸ ಮಾಡಬೇಕು. ಆತನ ಅಜ್ಜಿ ಹೆಗಲಲ್ಲಿ ಐವತ್ತು ಕಿಲೋಗೂ ಮೀರಿದ ನಿಂಬೆಯ ಬುಟ್ಟಿ ಹೊತ್ತು ಮೆಟ್ಟಿಲಿಳಿಯುತ್ತಿದ್ದವಳು. ಅಂಥ ಹೆಂಗಸರಿಗೆ ಅಲ್ಲಿ 'ಫೋರ್ಮಿಕೆಲ್ಲೆ' ಎಂದು ಹೆಸರು. ಎಂದರೆ ಪುಟ್ಟ ಇರುವೆಗಳು. ಮಗ ಮಿಲಾನಿನಲ್ಲಿದ್ದಾನೆ. ಒಳ್ಳೆಯ ಕೆಲಸ.

ಪಕ್ಕದ ಗುಡ್ಡದ ಒಂದು ಭಾಗವನ್ನು ತೋರಿಸಿದ. ಅಲ್ಲಿ ಮುಳ್ಳು ಬೆಳೆದು ಮೆಟ್ಟಿಲಿನ ಗುರುತು ಅಳಿಸುತ್ತಿತ್ತು. ಬಿಟ್ಟುಹೋದ ತೋಟ. "ಒಂದು ಗೋಡೆ ಬಿದ್ದರೆ ಕೆಳಗಿನದರ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಎಲ್ಲ ಸೇರಿ ಊರಿಗೇ ಇಳಿಯುತ್ತದೆ" ಎಂದ. 1954ರ ಅಕ್ಟೋಬರಿನ ಒಂದೇ ರಾತ್ರಿಯ ಮಳೆಗೆ ಸಲೆರ್ನೊ, ವಿಯೆತ್ರಿ, ಮಯೋರಿಗಳಲ್ಲಿ ಗುಡ್ಡವೂ ಹೊಳೆಯೂ ಒಂದಾಗಿ 300ಕ್ಕೂ ಹೆಚ್ಚು ಜನ ಸತ್ತರು. 2010ರಲ್ಲಿ ಅಮಾಲ್ಫಿಯ ಪಕ್ಕದ ಅತ್ರಾನಿಯ ಬೀದಿಯಲ್ಲಿಯೇ ಕೆಸರಿನ ಹೊಳೆ ಹರಿಯಿತು. ಈ ಕರಾವಳಿಯನ್ನು ಯುನೆಸ್ಕೊ 1997ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗಾರೆಯಿಲ್ಲದೆ ಕಲ್ಲು ಕಟ್ಟುವ ಕಲೆಗೆ 2018ರಲ್ಲಿ ಬೇರೆಯೇ ಮನ್ನಣೆ ಕೊಟ್ಟಿತು. ಆದರೆ ಮನ್ನಣೆ ಬಂದು ಕಲ್ಲು ಎತ್ತುವುದಿಲ್ಲವಷ್ಟೆ.

ಕೇಳುತ್ತ ಕೇಳುತ್ತ ನನಗೆ ಆ ಗುಡ್ಡ ಅಪರಿಚಿತವೆನಿಸಲಿಲ್ಲ. ಚಪ್ಪರಕ್ಕೆ ಹೊದಿಕೆ ಎಂದಾಗ ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಕೊಳೆರೋಗ ತಗಲದಂತೆ ಅಡಿಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುವುದು ನೆನಪಾಯಿತು. ಮೇಲಿನ ಕಾಡು ಎಂದಾಗ ನಮ್ಮ ಸೊಪ್ಪಿನ ಬೆಟ್ಟ ಕಣ್ಣಿಗೆ ಬಂತು. ಗುಡ್ಡ ಇಳಿಯುತ್ತದೆ ಎಂದಾಗ 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಧರೆ ಕುಸಿದು ಅಡಿಕೆ ತೋಟಗಳು ಮಣ್ಣಾದ ಸುದ್ದಿ ಕಿವಿಯಲ್ಲಿ ಮೊಳಗಿತು.

ದೋಣಿಯವನು ಸುಮ್ಮನಿರಲಿಲ್ಲ. "ನಿಮ್ಮ ತಂದೆ ಏನು ಮಾಡುತ್ತಾರೆ?" ಎಂದು ಕೇಳಿದ. ತೋಟವಿದೆಯೆಂದೆ. "ಹಾಗಾದರೆ ನೀವೂ ಗೋಡೆ ನೋಡಿಕೊಳ್ಳುವವರೇ" ಎಂದು ಮೊದಲ ಬಾರಿಗೆ ನಕ್ಕ. ಭಾವಮೈದುನ ಆ ಮಾತನ್ನು ಕನ್ನಡಿಸಿ ನನ್ನ ಮುಖ ನೋಡಿದ. ನನ್ನಾಕೆ ಸಮುದ್ರವನ್ನು ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ಅದೊಂದು ಚಿಕ್ಕ ಸುಳ್ಳು. ಆದರೆ ಸಲೆರ್ನೊ ಬರುವವರೆಗೂ ಅದು ನನ್ನ ಪಕ್ಕದಲ್ಲಿಯೇ ಕುಳಿತಿತ್ತು.

ಆ ರಾತ್ರಿ ನೇಪಲ್ಸಿನಲ್ಲಿ ಪಿಯೆತ್ರೊ ದೆಲ್ಲಾ ವಾಲೆ ನೆನಪಾದ. ರೋಮ್ ನಗರದ ಈ ಯಾತ್ರಿಕ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದಿದ್ದ. ನಮ್ಮ ಸೀಮೆಯನ್ನು ವರ್ಣಿಸಿದ ಅವನ ಪತ್ರಗಳು ಸೇರಿದ್ದು ಇದೇ ನೇಪಲ್ಸಿನಲ್ಲಿದ್ದ ಗೆಳೆಯ ಮಾರಿಯೊ ಸ್ಕಿಪಾನೊನ ಕೈಗೆ. ದಾರಿಯ ಗುಡಿಯೊಂದರ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ಅವನು ನಿಂತು ನೋಡಿದ. ಹೀಗೇಕೆಂದು ಅವರನ್ನೇ ಕೇಳಿ ಬರೆದುಕೊಂಡ. ನಾಲ್ಕು ನೂರು ವರ್ಷದ ಹಿಂದೆ ಪರದೇಶದವನೊಬ್ಬ ನನ್ನ ನೆಲದಲ್ಲಿ ಕೇಳಿದಷ್ಟು ಪ್ರಶ್ನೆಗಳನ್ನು ಆ ನೆಲದಲ್ಲೇ ಹುಟ್ಟಿದ ನಾನು ಕೇಳಿರಲಿಲ್ಲ. ನಾನು ನನ್ನ ತೋಟವನ್ನು ರಜೆಯಲ್ಲಿ ಬಂದು ಜಗಲಿಯಿಂದ ನೋಡಿದವನು. ಅದೂ ಒಂದು ದೋಣಿಯೇ.

ಮೇ ತಿಂಗಳ ಕೊನೆಗೆ ಊರಿಗೆ ಹೋದೆ. ಅಪ್ಪಯ್ಯನಿಗೆ ಗವಿ, ದ್ವೀಪ, ಕಂಚಿನ ಬಾಗಿಲು ಎಲ್ಲವನ್ನೂ ವರ್ಣಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ನಿಂಬೆಯ ತೋಟದ ಮಾತು ಬಂದಾಗ ಕೈ ನಿಂತಿತು.

"ಹೊದಿಕೆಯನ್ನು ಯಾವ ತಿಂಗಳು ಬಿಚ್ಚುತ್ತಾರೆ?"

ಹೇಳಲಾಗಲಿಲ್ಲ.

"ಗೊಬ್ಬರ ಮೇಲಿನ ಸಾಲಿಗೆ ಹೇಗೆ ಹೊರುತ್ತಾರೆ? ಆಳಿಗೆ ದಿನಕ್ಕೆ ಏನು ಕೂಲಿ?"

ಅದೂ ತಿಳಿದಿರಲಿಲ್ಲ.

"ಮತ್ತೆ ಇಡೀ ದಿನ ನೋಡಿದ್ದೇನು, ತಮಾ?" ಎಂದು ಅಪ್ಪಯ್ಯ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ಆ ನಗರದವರೂ ಹಾಗೆಯೇ. ಎರಡು ತಾಸು ತೋಟ ತಿರುಗಿದರು. ನೋಟ ಚೆನ್ನಾಗಿದೆ ಎಂದರು. ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ."

ನಾನು ಎದ್ದು, "ನೀರು ಎಲ್ಲಿಂದ ಬರುತ್ತದೆ, ಅಪ್ಪಯ್ಯ?" ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿ ಕತ್ತಿ ಹುಡುಕಿಕೊಂಡರು. ಇಬ್ಬರೂ ತೋಟಕ್ಕಿಳಿದೆವು. ಮೇಲ್ಗಡೆಯ ಧರೆಯ ಕಟ್ಟೆಯೊಂದು ಹೊಟ್ಟೆ ಬಂದಿದ್ದುದನ್ನು ಅಂದು ಅವರು ತೋರಿಸಿದರು. ಎರಡು ವರ್ಷದಿಂದ ಹಾಗೆಯೇ ಇದೆಯಂತೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲವಂತೆ. ಕಾಲೇಜು ತೆರೆಯಲು ಒಂಬತ್ತು ದಿನಗಳಿದ್ದವು. ಒಬ್ಬ ಆಳನ್ನು ಹಿಡಿದು ಮೂವರೂ ಸೇರಿ ಅದನ್ನು ಬಿಚ್ಚಿ ಕಟ್ಟಿದೆವು. ನನ್ನ ಅಂಗೈಯ ಬೊಕ್ಕೆಗಳನ್ನು ಕಂಡು ಆಳು ಮುಸಿನಕ್ಕ.

ನಗರದ ಗೃಹಸ್ಥರಿಗೆ, ಈ ವರ್ಷ ಮಾರುವುದಿಲ್ಲವೆಂದು ಬರೆದೆ. ಮುಂದಿನ ವರ್ಷದ ಮಾತನ್ನು ಬರೆಯಲು ಧೈರ್ಯ ಸಾಲಲಿಲ್ಲ. ಕೊನೆಗಾರರು ಈಗಲೂ ಸಿಕ್ಕುತ್ತಿಲ್ಲ, ಅಪ್ಪಯ್ಯನ ವಯಸ್ಸು ಇಳಿಯುವುದಿಲ್ಲ, ನನ್ನ ವ್ಯಾಕರಣದ ತರಗತಿಗಳೂ ನಿಲ್ಲುವುದಿಲ್ಲ. ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಆ ರಾತ್ರಿ ಬೆಂಗಳೂರಿನಿಂದ ದೂರವಾಣಿಯಲ್ಲಿ ಮಾತಾಡಿದೆ. ಕುಶಲ ಕೇಳುವ ಮೊದಲೇ ಬಾಯಿಗೆ ಬಂದದ್ದು ಬೇರೆ ಪ್ರಶ್ನೆ.

"ಗೋಡೆ ನಿಂತಿದೆಯೇ, ಅಪ್ಪಯ್ಯ?"

"ನಿಂತಿದೆ" ಎಂದರು.