ಮಸ್ಕಿ ಗುಡ್ಡ, ಮಾಮನ ಗಿಟಾರು ಮತ್ತು 311 ಮಿಲಿಸೆಕೆಂಡ್

ಎಕೋ ಅಂದ್ರೆ ಇಂಜಿನಿಯರಿಂಗ್ ಓದಿದವರಿಗೆ ಭಾರೀ ಸುಲಭದ ವಿಷಯ. ಬಂದ ಸದ್ದನ್ನು ಒಂಚೂರು ಹೊತ್ತು ಹಿಡಿದಿಟ್ಟುಕೋ, ಸ್ವಲ್ಪ ಸಣ್ಣದು ಮಾಡು, ಮತ್ತೆ ಮೂಲ ಸದ್ದಿಗೆ ಕೂಡಿಸು. ಪ್ರೋಗ್ರಾಂ ಬರೆದರೆ ನಾಲ್ಕು ಸಾಲು. ಆ ನಾಲ್ಕು ಸಾಲಿನ ಹಿಂದೆ ಬಿದ್ದು ಮೂರು ತಿಂಗಳ ಶನಿವಾರ, ಭಾನುವಾರಗಳನ್ನೆಲ್ಲ ಕಳೆದ ಕತೆ ಇದು. ಗಿಟಾರಿನ ಗಂಧಗಾಳಿ ಇಲ್ಲದವರೂ ಓದಬಹುದು, ಹೆದರಬೇಡಿ :)

ನಮ್ಮ ಸೋದರಮಾವ ಸಿಂಧನೂರಿನವರು. ಎಂಬತ್ತರ ದಶಕದಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಮ್ಮ ಕಡೆ ಭತ್ತ ಬೆಳೆಯತೊಡಗಿದ ಮೇಲೆ ಸುಗ್ಗಿ ಮುಗಿದರೆ ಜಾತ್ರೆ, ಜಾತ್ರೆ ಅಂದರೆ ರಸಮಂಜರಿ. ಇವತ್ತು ಮಸ್ಕಿ, ನಾಳೆ ಲಿಂಗಸುಗೂರು, ನಾಡಿದ್ದು ಇನ್ನೆಲ್ಲೋ. 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಬಂದ ಮೇಲಂತೂ ಅದರಲ್ಲಿ ಇಳಯರಾಜಾ ಕೊಟ್ಟ ಹಾಡುಗಳನ್ನು ಬಾರಿಸದೆ ವೇದಿಕೆ ಇಳಿಯೋ ಹಾಗೇ ಇರಲಿಲ್ಲವಂತೆ.

ಮಾಮನ ಹತ್ತಿರ ಒಂದು ಎಕೋ ಪೆಟ್ಟಿಗೆ ಇತ್ತು. ಹೈದರಾಬಾದಿನಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಹಳೇ ಸ್ಪೂಲ್ ರೆಕಾರ್ಡರಿನ ಸಾಮಾನು ಸೇರಿಸಿ ಮಾಡಿಸಿದ್ದು. ಒಳಗೆ ತುದಿಗೆ ತುದಿ ಅಂಟಿಸಿದ ಟೇಪಿನ ಕುಣಿಕೆ ಸುತ್ತುತ್ತಾ ಇರುತ್ತದೆ. ಒಂದು ಹೆಡ್ಡು ಗಿಟಾರಿನ ಸದ್ದನ್ನು ಬರೆಯುತ್ತದೆ, ಸ್ವಲ್ಪ ಮುಂದಿರುವ ಇನ್ನೊಂದು ಹೆಡ್ಡು ಅದನ್ನೇ ಓದುತ್ತದೆ. ಎರಡು ಹೆಡ್ಡಿನ ನಡುವಿನ ಅಂತರವನ್ನು ಟೇಪಿನ ವೇಗದಿಂದ ಭಾಗಿಸಿದರೆ ಸಿಗೋದೇ ಎಕೋದ ತಡ. ಸೆಕೆಂಡಿಗೆ 19 ಸೆಂಟಿಮೀಟರ್ ಓಡುವ ಟೇಪು, 5.7 ಸೆಂಟಿಮೀಟರ್ ಅಂತರ, ಅಂದರೆ 300 ಮಿಲಿಸೆಕೆಂಡ್. ಇದೇ ತತ್ವದ ಮೇಲೆ 1958ರಲ್ಲಿ ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ 'ಕಾಪಿಕ್ಯಾಟ್' ಮಾಡಿದ್ದರು. 1974ರಲ್ಲಿ ಜಪಾನಿನ ರೋಲೆಂಡ್ 'ಸ್ಪೇಸ್ ಎಕೋ' ತಂದಿತು. ದುಡ್ಡಿದ್ದವರಿಗೆ ಅವು, ನಮ್ಮ ಮಾಮನಿಗೆ ಹೈದರಾಬಾದಿನ ಪೆಟ್ಟಿಗೆ.

ಆಮೇಲೆ ತಾಳ, ಗಿಟಾರು, ಪಿಟೀಲು ಎಲ್ಲಾ ಒಂದರಲ್ಲೇ ಕೊಡುವ ಕೀಬೋರ್ಡುಗಳು ಬಂದವು. ತಂಡದಲ್ಲಿ ಗಿಟಾರಿನವನ ಪಗಾರ ಉಳಿಯಿತು. ಪೆಟ್ಟಿಗೆ ಯಾರಿಗೋ ಮಾರಿ ಹೋಯಿತು.

ಹೋದ ವರ್ಷ ಮಾಮನ ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿಯಲ್ಲಿ ಮೇಲಿನ ಸದ್ದುಗಳು ಕಡಿಮೆಯಾಗಿವೆ, ಇನ್ನೂ ಕಡಿಮೆಯಾಗುತ್ತಾ ಹೋಗುತ್ತದೆ ಅಂದರು ಡಾಕ್ಟರು. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಮಾಮ ಕೇಳಿದ್ದು ಒಂದೇ ಮಾತು: "ತಮ್ಮಾ, ನೀ ಕಂಪ್ಯೂಟರಿನ್ಯಾಗ ಏನೇನೋ ಮಾಡ್ತೀಯಲ್ಲ, ನನ್ನ ಪೆಟ್ಟಿಗಿ ಸೌಂಡು ಒಮ್ಮೆ ಕೇಳಸಾಕ ಆಗತೈತೇನು?"

ಸಾಕ್ಷಿಗೆ ಉಳಿದಿದ್ದು ಒಂದೇ ಕ್ಯಾಸೆಟ್ಟು. ವೇದಿಕೆಯ ಮೂಲೆಯಲ್ಲಿ ಬ್ಯಾಟರಿ ಹಾಕಿದ ಟೂ ಇನ್ ಒನ್ ಇಟ್ಟು 1987ರಲ್ಲಿ ರೆಕಾರ್ಡ್ ಮಾಡಿದ್ದು. ಒಂದು ಬದಿ ಮಸ್ಕಿ, ಇನ್ನೊಂದು ಬದಿ ಲಿಂಗಸುಗೂರು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ಅಡಾಸಿಟಿಯಲ್ಲಿ ತೆರೆದೆ. ಹಳೇ ಕ್ಯಾಸೆಟ್ಟಿನ ವೇಗವನ್ನು ನಂಬೋ ಹಾಗಿಲ್ಲ. ಅದೃಷ್ಟಕ್ಕೆ ತಂಡದಲ್ಲೊಂದು ಪುಟ್ಟ ಕ್ಯಾಸಿಯೋ ಇತ್ತು. 440 ಹರ್ಟ್ಜ್ ಇರಬೇಕಾದ ಅದರ ಸ್ವರ 428 ತೋರಿಸುತ್ತಿತ್ತು. ಅಲ್ಲಿಗೆ ಟೇಪು ನಿಧಾನವಾಗಿ ಓಡುತ್ತಿದೆ ಅಂತಾಯ್ತು. ಗಿಟಾರಿನ ಒಂದು ಮೀಟಿಗೂ ಅದರ ಮರುದನಿಗೂ ನಡುವೆ 320 ಮಿಲಿಸೆಕೆಂಡ್ ಇತ್ತು, ವೇಗ ಸರಿಮಾಡಿದ ಮೇಲೆ 311.

ಲಿಂಗಸುಗೂರಿನ ಬದಿಯನ್ನೂ ಹೀಗೇ ಸರಿಮಾಡಿ ಅಳೆದರೆ 324! ಅದೇ ಪೆಟ್ಟಿಗೆ, ಅದೇ ಹೆಡ್ಡು. ಮಾಮನನ್ನು ಕೇಳಿದೆ. "ಅವತ್ತು ಕರೆಂಟ್ ಇದ್ದಿಲ್ಲಪಾ, ಜನರೇಟರ್ ಮ್ಯಾಲ ನಡಸಿದ್ವಿ. ಲೈಟು ಮಂಕಾದಾಗೆಲ್ಲ ಎಕೋ ಜೋಲ್ತಿತ್ತು" ಅಂದರು. ಆ ಪೆಟ್ಟಿಗೆಯ ಮೋಟರಿನ ವೇಗ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿದ್ದು. 50 ಹರ್ಟ್ಜ್ ಇರಬೇಕಾದಲ್ಲಿ ಜನರೇಟರ್ ಏದುಸಿರು ಬಿಟ್ಟು 48ಕ್ಕೆ ಇಳಿದರೆ 311 ಹೋಗಿ ಸರಿಯಾಗಿ 324 ಆಗುತ್ತದೆ. ಸುಮಾರು ನಲವತ್ತು ವರ್ಷದ ಹಿಂದಿನ ಜನರೇಟರಿನ ಸುಸ್ತನ್ನು ನಾನು ಅಳೆಯುತ್ತಾ ಕೂತಿದ್ದೆ!

ಅಡಾಸಿಟಿಯ ಎಕೋದಲ್ಲಿ 0.311 ಸೆಕೆಂಡ್ ಹಾಕಿ, ನಾನೇ ಬಾರಿಸಿದ ತುಣುಕನ್ನು ಮಾಮನಿಗೆ ಕೇಳಿಸಿದೆ. "ಭಾಳ ಸ್ವಚ್ಛ ಆತು, ದವಾಖಾನಿ ಇದ್ದಂಗೈತಿ" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಆ ಎಕೋ ಪ್ರತಿ ಸಲವೂ ಅದೇ ಸದ್ದನ್ನು ಬರೀ ಸಣ್ಣದು ಮಾಡಿ ಕೊಡುತ್ತದೆ. ಟೇಪು ಹಾಗಲ್ಲ. ಒಂದೊಂದು ಸುತ್ತಿಗೂ ಮೇಲಿನ ಚುರುಕು ಸವೆಯುತ್ತದೆ, ಸದ್ದು ಒಂಚೂರು ಒಡೆಯುತ್ತದೆ, ಮೋಟರು ತೂಗಿದಂತೆ ಸ್ವರವೂ ತೂಗುತ್ತದೆ. ಗೆಳೆಯನೊಬ್ಬನಿಂದ ಹಳೇ ಕಾಲದ ಅನಲಾಗ್ ಡಿಲೇ ಪೆಡಲ್ ಎರವಲು ತಂದೆ. ಅದರಲ್ಲಿರೋದು ಬಕೆಟ್ ಬ್ರಿಗೇಡ್ ಅನ್ನುವ ಚಿಪ್ಪು, 1969ರಲ್ಲಿ ಫಿಲಿಪ್ಸ್ ಕಂಪನಿಯಲ್ಲಿ ಹುಟ್ಟಿದ್ದು. ಬಣವೆಗೆ ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುತ್ತಾರಲ್ಲ, ಹಾಗೆ ಸದ್ದನ್ನು ದಾಟಿಸುತ್ತದೆ. ದಾರಿಯಲ್ಲಿ ಒಂದಿಷ್ಟು ಚೆಲ್ಲುತ್ತದೆ. ಹತ್ತಿರ ಬಂತು, ಆದರೆ ಟೇಪಿನ ತೂಗಾಟ ಅದರಲ್ಲಿಲ್ಲ. ಕೊನೆಗೆ ಸಾಫ್ಟ್‌ವೇರಿನಲ್ಲೇ ಎಕೋ ತಿರುಗಿ ಬರುವ ದಾರಿಯಲ್ಲಿ 3 ಕಿಲೋಹರ್ಟ್ಜ್ ಮೇಲಿನದ್ದನ್ನು ಇಳಿಸುವ ಫಿಲ್ಟರ್, ಸಣ್ಣ ಡಿಸ್ಟಾರ್ಶನ್, ಸೆಕೆಂಡಿಗೊಮ್ಮೆ ತೂಗುವ ವೇಗ ಹಾಕಿದೆ. ಮಾಮ ಕಣ್ಣು ಮುಚ್ಚಿ ಕೇಳಿದರು. "ಲಿಂಗಸುಗೂರಿಂದು ಬರೋಬ್ಬರಿ ಐತಿ. ಮಸ್ಕೀದು ಅಲ್ಲ."

ಮತ್ತೆ ಮಸ್ಕಿಯ ಬದಿಯನ್ನು ಜೂಮ್ ಮಾಡಿ ನೋಡಿದೆ. 311ರ ಆಚೆ, 480 ಮಿಲಿಸೆಕೆಂಡಿನ ಹತ್ತಿರ ಇನ್ನೊಂದು ಮಂಕು ಎಕೋ. ವಿಚಿತ್ರ ಅಂದರೆ ಅದು ಗಿಟಾರಿಗೆ ಮಾತ್ರ ಅಲ್ಲ, ಡ್ರಮ್ಮಿಗೂ ಇತ್ತು. ಡ್ರಮ್ಮು ಪೆಟ್ಟಿಗೆಯೊಳಗೆ ಹೋಗುತ್ತಲೇ ಇರಲಿಲ್ಲ! 30 ಡಿಗ್ರಿ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಹೋಗುತ್ತದೆ. 0.48 ಸೆಕೆಂಡಿಗೆ 167 ಮೀಟರ್. ಹೋಗಿ ಬರುವ ದಾರಿಯಲ್ಲವೇ, ಅರ್ಧ ಮಾಡಿದರೆ 84 ಮೀಟರ್. ವೇದಿಕೆಯಿಂದ 84 ಮೀಟರ್ ದೂರದಲ್ಲಿ ಏನಿತ್ತು?

ಒಂದು ಭಾನುವಾರ ಮಾಮನನ್ನು ಕರೆದುಕೊಂಡು ಬೆಳಗ್ಗೆ ಬೇಗ ಮಸ್ಕಿಗೆ ಹೋದೆ. ಮಸ್ಕಿ ಅಂದರೆ ಗುಂಡುಬಂಡೆಗಳ ಗುಡ್ಡ, ನಿಮಗೆ ಗೊತ್ತಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಇಂಜಿನಿಯರ್ ಬೀಡನ್ ಅವರಿಗೆ 'ದೇವಾನಾಂಪ್ರಿಯ' ಅನ್ನುವ ಬಿರುದಿನ ಜೊತೆಗೆ 'ಅಶೋಕ' ಅನ್ನುವ ಹೆಸರೂ ಇರುವ ಶಾಸನ ಸಿಕ್ಕಿದ್ದು ಈ ಊರಿನ ಬಂಡೆಯ ಮೇಲೆಯೇ. ಮಾಮ ನೆನಪು ಮಾಡಿಕೊಂಡು "ಇಲ್ಲೇ ಸ್ಟೇಜು" ಅಂತ ತೋರಿಸಿದ ಜಾಗದಲ್ಲಿ ನಿಂತು ಎರಡು ಹಲಗೆ ಹಿಡಿದು ಪಟ್ ಅಂತ ಬಡಿದೆ. ಗುಡ್ಡ ಪಟ್ ಅಂದಿತು. ಮೊಬೈಲಿನ ರೆಕಾರ್ಡಿಂಗಿನಲ್ಲಿ ನೋಡಿದರೆ 480ರ ಆಸುಪಾಸು.

ಮಾಮ ನನ್ನ ಕೈಯಿಂದ ಹಲಗೆ ಇಸಿದುಕೊಂಡು ತಾವೂ ಬಡಿದರು. ತಲೆ ಓರೆ ಮಾಡಿ ಕಾದರು. "ಕೇಳಸ್ತು" ಅಂದರು. ಮತ್ತೆ ಬಡಿದರು. ಎಷ್ಟು ಸಲ ಅಂತ ನಾನು ಎಣಿಸಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಅದೇ ಹಲಗೆಯ ಸದ್ದಿನ ಆಧಾರದ ಮೇಲೆ ಎರಡನೇ ಎಕೋ ಕಟ್ಟಿದೆ. ಮುಂದಿನ ಸಲ ಊರಿಗೆ ಹೋದಾಗ ಮಾಮನ ಗಿಟಾರಿಗೇ ಜೋಡಿಸಿ ಕಾಲಿನ ಸ್ವಿಚ್ಚು ಎರಡು ಕೊಟ್ಟೆ. ಒಂದು ಪೆಟ್ಟಿಗೆಗೆ, ಒಂದು ಗುಡ್ಡಕ್ಕೆ. ಮಾಮನ ಬೆರಳುಗಳು ಈಗ ಮೊದಲಿನಷ್ಟು ಬಾಗುವುದಿಲ್ಲ. ನಿಧಾನದ್ದು ಯಾವುದೋ ಬಾರಿಸಿದರು, ನಡುವೆ ನಡುವೆ ನಿಲ್ಲಿಸಿ ಎಕೋ ಮುಗಿಯುವ ತನಕ ಕಾಯುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, "ಈಗ ಲಿಂಗಸುಗೂರಿಂದು ಬಾರಸ್ತೀನಿ, ಗುಡ್ಡ ಬಂದ್ ಮಾಡು" ಅಂದರು.

ಹಳೇ ಎಕೋದ ಸದ್ದು ಬೇಕು ಅಂದರೆ ಈಗ ಅಂಗಡಿಯಲ್ಲೇ ಸಿಗುತ್ತದೆ. ಸ್ಪೇಸ್ ಎಕೋವನ್ನು ಅನುಕರಿಸುವ ಪೆಡಲ್‌ಗಳನ್ನು ಬಾಸ್ ಕಂಪನಿಯೇ 2022ರಲ್ಲಿ ಬಿಟ್ಟಿದೆ. ಆದರೆ ಅದರಲ್ಲಿ ಸುಸ್ತಾದ ಜನರೇಟರ್ ಇರುವುದಿಲ್ಲ, 84 ಮೀಟರ್ ದೂರದ ಬಂಡೆಯೂ ಇರುವುದಿಲ್ಲ. ಅದೆಲ್ಲ ಇದ್ದಿದ್ದು ಆ ಒಂದು ಕ್ಯಾಸೆಟ್ಟಿನಲ್ಲಿ.

ನಿಮ್ಮ ಊರಲ್ಲೂ ಒಂದು ಆರ್ಕೆಸ್ಟ್ರಾ ಇದ್ದಿರುತ್ತದೆ, ಯಾರದೋ ಟ್ರಂಕಿನಲ್ಲಿ ಅದರ ಕ್ಯಾಸೆಟ್ಟೂ ಇದ್ದಿರುತ್ತದೆ. ಬೂಷ್ಟು ಹಿಡಿಯುವ ಮೊದಲು ತೆಗೆದು ಕಂಪ್ಯೂಟರಿಗೆ ಇಳಿಸಿಡಿ. ಬಾರಿಸಿದವರು ಇನ್ನೂ ಇದ್ದರೆ ಅವರ ಜೊತೆ ಕೂತು ಕೇಳಿ. ಸಾಫ್ಟ್‌ವೇರಿಗೆ 311 ಗೊತ್ತಾಗುತ್ತದೆ, ಅವತ್ತು ಕರೆಂಟ್ ಇರಲಿಲ್ಲ ಅನ್ನೋದು ಅವರಿಗಷ್ಟೇ ಗೊತ್ತು.