ಸೋಲುವವನ ಪಟ್ಟು

ಹಗಲಿನಲ್ಲಿ ನಾನು ಕಾಲೇಜಿನ ಮಕ್ಕಳಿಗೆ ರನ್ನನ ಗದಾಯುದ್ಧವನ್ನು ಬೋಧಿಸುವವನು. ರಾತ್ರಿ ಊಟವಾದ ಮೇಲೆ ಟೆಲಿವಿಷನ್ನಿನ ಮುಂದೆ ಚಾಪೆ ಹಾಸಿಕೊಂಡು, ಹತ್ತು ವರ್ಷದ ಮಗನೊಡನೆ ಮಲ್ಲಯುದ್ಧಕ್ಕೆ ನಿಲ್ಲುವವನೂ ನಾನೇ. ವಾಚಕರು ಗಾಬರಿಯಾಗಬೇಕಾಗಿಲ್ಲ, ಈ ಯುದ್ಧದಲ್ಲಿ ನೋಯುವುದು ಹೆಬ್ಬೆರಳು ಮಾತ್ರ. ಅಮೆರಿಕದ ವೃತ್ತಿಕುಸ್ತಿಯನ್ನು ಅನುಕರಿಸುವ ವಿಡಿಯೋ ಗೇಮ್ ಅದು. "ಎಂ.ಎ. ಓದಿದ್ದು ಇದಕ್ಕೇನ್ರೀ?" ಎಂದು ನನ್ನಾಕೆ ಅಡುಗೆಮನೆಯಿಂದಲೇ ಕೇಳುತ್ತಾಳೆ. ಆ ಪ್ರಶ್ನೆಗೆ ಇಂದು ಉತ್ತರ ಹೇಳಲು ಯತ್ನಿಸುತ್ತೇನೆ.

ಆ ಕುಸ್ತಿಯೆಲ್ಲ ಬರಿಯ ನಟನೆ ಎಂಬ ಆಕ್ಷೇಪ ಹಳೆಯದು. ನಿಜ, ಗೆಲ್ಲುವವನಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆದರೆ ಕೀಚಕ ಸಾಯುವನೆಂದು ತಿಳಿಯದೆ ಯಕ್ಷಗಾನಕ್ಕೆ ಹೋದವರುಂಟೆ? ಹೇಗೆ ಸಾಯುತ್ತಾನೆಂಬುದನ್ನು ನೋಡಲೆಂದೇ ನಿದ್ದೆಗೆಟ್ಟು ಕುಳಿತಿರುತ್ತೇವೆ. ವೃತ್ತಿಕುಸ್ತಿಯೂ ಇಂಥದೇ. ಕಣದಲ್ಲಿರುವ ಇಬ್ಬರು ವೈರಿಗಳಂತೆ ಕಂಡರೂ ವಾಸ್ತವವಾಗಿ ಜೊತೆಗಾರರು. ಎತ್ತುವವನ ತೋಳಿನಷ್ಟೇ ಎತ್ತಿಸಿಕೊಳ್ಳುವವನ ಜಾಣ್ಮೆಯೂ ಅಲ್ಲಿ ದುಡಿಯುತ್ತದೆ.

ಈ ರಸವನ್ನು ಅರಿತ ಆಟಗಳಿವೆ. 2000ದಲ್ಲಿ ನಿಂಟೆಂಡೊ 64 ಯಂತ್ರಕ್ಕೆಂದು ಬಂದ 'ಡಬ್ಲ್ಯುಡಬ್ಲ್ಯುಎಫ್ ನೋ ಮರ್ಸಿ'ಯಲ್ಲಿ ಗುಂಡಿಯನ್ನು ಮುಟ್ಟಿ ಬಿಟ್ಟರೆ ಸಡಿಲ ಹಿಡಿತ; ಒತ್ತಿ ಹಿಡಿದರೆ ಬಿಗಿ ಹಿಡಿತ. ಬಡಿದು, ಕೆಣಕಿ, ಹುಮ್ಮಸ್ಸು ಏರಿದ ಬಳಿಕವಷ್ಟೇ ಕೊನೆಯ ಬ್ರಹ್ಮಾಸ್ತ್ರ ಕೈಗೆ ಬರುತ್ತದೆ. ಕಲಿಯುವುದು ಸುಲಭ, ಆದರೆ ಕಥೆ ತಾನಾಗಿ ಕಟ್ಟಿಕೊಳ್ಳುತ್ತದೆ. 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ 'ಸ್ಮ್ಯಾಕ್‌ಡೌನ್! ಹಿಯರ್ ಕಮ್ಸ್ ದ ಪೇನ್' ಇನ್ನಷ್ಟು ಚುರುಕು. ಪೆಟ್ಟು ತಿಂದದ್ದು ತಲೆಯೋ ಕಾಲೋ ಎಂಬುದರ ಲೆಕ್ಕವನ್ನೂ ಇಡುತ್ತಿತ್ತು.

ಇನ್ನು ಸಂಕಟಗಳ ಮಾತು. 2019ರ ಅಕ್ಟೋಬರಿನಲ್ಲಿ ಹೊರಬಂದ 'ಡಬ್ಲ್ಯುಡಬ್ಲ್ಯುಇ 2ಕೆ20' ಎಂಬ ಆಟ, 2020ರ ಜನವರಿ 1ರಂದು ಬಾಗಿಲನ್ನೇ ತೆರೆಯಲಿಲ್ಲ. ಯಂತ್ರದ ಗಡಿಯಾರವನ್ನು ಹಳೆಯ ವರ್ಷಕ್ಕೆ ತಿರುಗಿಸಿದವರಿಗೆ ಮಾತ್ರ ಒಲಿಯಿತು! ನಮ್ಮ ಮನೆಯ ಆಟದ ಹೆಸರು ಹೇಳಲಾರೆ. ಅದರಲ್ಲಿ ಪಂಚಾಯಿತಿ ಮಾಡಬೇಕಾದ ರೆಫರಿ ಒಮ್ಮೊಮ್ಮೆ ಗೋಡೆಗೆ ಮುಖಮಾಡಿ ತಪಸ್ಸಿಗೆ ನಿಲ್ಲುತ್ತಾನೆ. ಇದಕ್ಕಿಂತ ದೊಡ್ಡ ತೊಂದರೆ, ಯಂತ್ರವೇ ಆಡಿಸುವ ಎದುರಾಳಿಯದು. ನಾನು ಹಾಕಿದ ಪಟ್ಟನ್ನೆಲ್ಲ ಬಿಡಿಸಿಕೊಂಡು ತಿರುಗಿ ಬೀಳುತ್ತಾನೆ. ಇಂದು ಸಾಯಲಾರೆನೆಂದು ರಂಗದ ಮೇಲೆ ಹಟಹಿಡಿದ ಕೀಚಕನಂತೆ!

ನನ್ನ ನಿಜವಾದ ಅತೃಪ್ತಿ ಬೇರೆ. 1987ರ ಮಾರ್ಚ್ 29ರಂದು ಮಿಷಿಗನ್ನಿನ ಪಾಂಟಿಯಾಕ್‌ನಲ್ಲಿ ಹಲ್ಕ್ ಹೋಗನ್ ಆಂಡ್ರೆ ದ ಜಯಂಟನನ್ನು ಎತ್ತಿ ಕೆಡವಿದ. ಆಂಡ್ರೆಯ ತೂಕವೆಂದು ಸಾರಿದ್ದು 520 ಪೌಂಡು. 2013ರ 'ಡಬ್ಲ್ಯುಡಬ್ಲ್ಯುಇ 2ಕೆ14' ಆ ಪಂದ್ಯವನ್ನು ನಮ್ಮ ಕೈಯಿಂದ ಮತ್ತೆ ಆಡಿಸುತ್ತದೆ. ಗುಂಡಿ ಒತ್ತಿದೆ, ಪರ್ವತ ಎದ್ದಿತು, ನಾನು ಬೀಗಿದೆ. ಆದರೆ ಬೆನ್ನುನೋವಿನಿಂದ ನರಳುತ್ತಿದ್ದ ಆ ಮಹಾಕಾಯ ತಾನಾಗಿ ಮೈಕೊಡದಿದ್ದರೆ ಅವನನ್ನು ಎತ್ತುವವರಾರಿದ್ದರು? ಆ ಸಂಜೆಯ ಹಿರಿಮೆ ಸೋತವನ ಕಾಣಿಕೆ. ರನ್ನ ದುರ್ಯೋಧನನ ಸೋಲಿಗೆ ಕೊಟ್ಟ ಘನತೆಯನ್ನು ಯಂತ್ರವೇನು ಬಲ್ಲದು? ಗೆಲ್ಲುವುದಕ್ಕೆ ಅಲ್ಲಿ ಹತ್ತು ಗುಂಡಿಗಳಿವೆ. ಚೆನ್ನಾಗಿ ಸೋಲುವುದಕ್ಕೆ ಒಂದೂ ಇಲ್ಲ.

ಇದು ಮನದಟ್ಟಾದದ್ದು ಕಳೆದ ತಿಂಗಳು. ಶಾಲೆಯ ಕಬಡ್ಡಿ ತಂಡಕ್ಕೆ ಆಯ್ಕೆಯಾಗದೆ ಮಗ ಮುಖ ಸಪ್ಪಗೆ ಮಾಡಿಕೊಂಡು ಬಂದ. ಆ ರಾತ್ರಿ ನಾನು ಸುಮ್ಮನೆ ಸೋತುಕೊಟ್ಟೆ. ಅವನು ಹಿಗ್ಗಲಿಲ್ಲ. ಕಂಟ್ರೋಲರನ್ನು ಕೆಳಗಿಟ್ಟು, "ಅಪ್ಪಾ, ನೀವು ಗುಂಡೀನೇ ಒತ್ತಲಿಲ್ಲ" ಎಂದ. ಕಣ್ಣು ತುಂಬಿತ್ತು.

ಆಗ ನನ್ನ ತಂದೆಯವರು ನೆನಪಾದರು. ಭಾನುವಾರದ ಮಧ್ಯಾಹ್ನ ನನ್ನೊಡನೆ ಚದುರಂಗಕ್ಕೆ ಕುಳಿತು, "ಅಯ್ಯೋ, ಈ ಕುದುರೇನ ನೋಡ್ಲೇ ಇಲ್ವಲ್ಲೋ!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಗೆದ್ದ ಹೆಮ್ಮೆಯಲ್ಲಿ ನಾನು ಓಣಿಯೆಲ್ಲ ಸಾರಿಬರುತ್ತಿದ್ದೆ. ಅವರು ಆ ಕುದುರೆಯನ್ನು ನೋಡಿದ್ದರೆ? ಈಗ ಕೇಳೋಣವೆಂದರೆ ಅವರಿಲ್ಲ. ಸೋಲುವುದು ಸುಲಭ, ಗೆದ್ದವನಿಗೆ ಅನುಮಾನ ಬಾರದಂತೆ ಸೋಲುವುದು ವಿದ್ಯೆ. ಆ ವಿದ್ಯೆ ನನಗಿನ್ನೂ ಒಲಿದಿಲ್ಲ.

ಮರುದಿನ, "ಇವತ್ತು ಸರಿಯಾಗಿ ಆಡಬೇಕು" ಎಂದು ಮಗ ಆಣೆ ಹಾಕಿಸಿಕೊಂಡ. ಹೆಬ್ಬೆರಳು ಬೊಬ್ಬೆಯೇಳುವಂತೆ ಹೋರಾಡಿದೆ. ರೆಫರಿಯೂ ಅಂದು ಗೋಡೆಯ ಕಡೆ ತಿರುಗಲಿಲ್ಲ. ದೇವರಾಣೆಗೂ, ನಿಜವಾಗಿಯೇ ಸೋತೆ.

ಅವನು ನಂಬಲಿಲ್ಲ.